ಒಂಬತ್ತನೆಯ ಇನ್ನಿಂಗ್ಸಿನವರು ಇಲ್ಲದ ವರ್ಷ: ಒಂದು ಪ್ರಕರಣ ಅಧ್ಯಯನ

ಇಲ್ಲಿ ಹೇಳಲಿರುವ ತಂಡದ ಹೆಸರನ್ನಾಗಲಿ ಅದರ ಆಟಗಾರರ ಹೆಸರನ್ನಾಗಲಿ ಬರೆದಿಲ್ಲ. ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್ ನೋಡುವ ರೂಢಿಯಿರುವವರು ನಾಲ್ಕು ಸಾಲು ಓದುವಷ್ಟರಲ್ಲಿ ಗುರುತಿಸಿಬಿಡುತ್ತಾರೆ ಎಂಬುದು ಗೊತ್ತು. ಆದರೂ ಹೆಸರು ಬಂದ ಕೂಡಲೇ ಅಭಿಮಾನವೂ ಸಿಟ್ಟೂ ಜೊತೆಗೇ ಬಂದು ಕೂರುತ್ತವೆ. ಯಾರು ಯಾವ ಹೊತ್ತಿನಲ್ಲಿ ಏಕೆ ಹಾಗೆ ತೀರ್ಮಾನಿಸಿದರು ಎಂದು ತಾಳ್ಮೆಯಿಂದ ನೋಡುವುದು ಆಮೇಲೆ ಕಷ್ಟ. ಆದ್ದರಿಂದ ಗಾಯಗೊಂಡ ಆಟಗಾರರನ್ನು ‘ಕ್ಲೋಸರ್’ ಎಂದೂ, ಅವರ ಜಾಗಕ್ಕೆ ಬಂದವರನ್ನು ‘ಹಿರಿಯ’ ಎಂದೂ, ತಂಡ ನಡೆಸಿದವರನ್ನು ‘ಮ್ಯಾನೇಜರ್’ ಎಂದೂ ಕರೆಯುತ್ತೇನೆ. ದಿನಾಂಕಗಳೂ ಅಂಕಿಗಳೂ ಇದ್ದದ್ದು ಇದ್ದ ಹಾಗೇ ಇವೆ.

ಹಿನ್ನೆಲೆ

ಕ್ರಿಕೆಟ್ ನೋಡಿ ಬೆಳೆದ ನಮಗೆ ಈ ಪ್ರಕರಣ ಅರ್ಥವಾಗಬೇಕಾದರೆ ಬೇಸ್‌ಬಾಲಿನ ಒಂದು ನಿಯಮ ಚೆನ್ನಾಗಿ ತಲೆಯಲ್ಲಿರಬೇಕು. ಟಿ20 ಪಂದ್ಯದಲ್ಲಿ ನಾಯಕ ತನ್ನ ಅತ್ಯುತ್ತಮ ಬೌಲರ್‌ಗೆ ಮೊದಲು ಒಂದು ಓವರ್ ಕೊಟ್ಟು, ಮಧ್ಯದಲ್ಲಿ ಇನ್ನೊಂದು ಕೊಟ್ಟು, ಹದಿನೇಳು ಮತ್ತು ಹತ್ತೊಂಬತ್ತನೆಯ ಓವರ್‌ಗಳಿಗೆ ಮತ್ತೆ ಕರೆಯಬಹುದು. ಬೇಸ್‌ಬಾಲಿನಲ್ಲಿ ಆ ಸೌಲಭ್ಯವಿಲ್ಲ. ಚೆಂಡೆಸೆಯುವ ಪಿಚರ್ ಒಮ್ಮೆ ಆಟದಿಂದ ಹೊರಗೆ ಹೋದರೆ ಆ ದಿನದ ಮಟ್ಟಿಗೆ ಅವರ ಆಟ ಮುಗಿಯಿತು, ಮತ್ತೆ ಕರೆಯುವಂತಿಲ್ಲ. ಹೀಗಾಗಿ ಯಾರನ್ನು ಯಾವಾಗ ಇಳಿಸಬೇಕು ಎಂಬ ಪ್ರತಿ ತೀರ್ಮಾನವೂ ಹಿಂದೆಗೆದುಕೊಳ್ಳಲಾಗದ ತೀರ್ಮಾನ. ಪಂದ್ಯದಲ್ಲಿ ಪ್ರತಿ ತಂಡಕ್ಕೂ ಒಂಬತ್ತು ಇನ್ನಿಂಗ್ಸ್, ಒಂದೊಂದಕ್ಕೆ ಮೂರು ಔಟ್. ಆರಂಭದ ಪಿಚರ್ ಐದಾರು ಇನ್ನಿಂಗ್ಸ್ ಎಸೆದು ದಣಿದ ಮೇಲೆ ಬುಲ್‌ಪೆನ್ನಿನಿಂದ, ಅಂದರೆ ಮೈದಾನದ ಅಂಚಿನಲ್ಲಿ ಕೈ ಬಿಸಿ ಮಾಡಿಕೊಳ್ಳುತ್ತ ಕಾಯುವವರ ಜಾಗದಿಂದ, ಒಬ್ಬರಾದ ಮೇಲೆ ಒಬ್ಬರು ಬರುತ್ತಾರೆ. ಇವರೇ ರಿಲೀಫ್ ಪಿಚರ್‌ಗಳು. ಆ ಸಾಲಿನ ತುದಿಯಲ್ಲಿ ನಿಲ್ಲುವವರು ಕ್ಲೋಸರ್. ಒಂಬತ್ತನೆಯ ಇನ್ನಿಂಗ್ಸಿನಲ್ಲಿ ಮೂರು ಅಥವಾ ಅದಕ್ಕಿಂತ ಕಡಿಮೆ ರನ್ನಿನ ಮುನ್ನಡೆ ಕೈಯಲ್ಲಿದ್ದಾಗ ಬಂದು ಕೊನೆಯ ಮೂರು ಔಟ್ ತೆಗೆದುಕೊಟ್ಟರೆ ಅವರ ಹೆಸರಿಗೆ ಒಂದು ‘ಸೇವ್’ ಬೀಳುತ್ತದೆ.

2022ರಲ್ಲಿ ಈ ತಂಡ 101 ಪಂದ್ಯ ಗೆದ್ದು 61 ಸೋತಿತ್ತು. ಅದರ ಕ್ಲೋಸರ್ ಆ ವರ್ಷ 62 ಇನ್ನಿಂಗ್ಸ್ ಎಸೆದು 118 ಮಂದಿಯನ್ನು ಸ್ಟ್ರೈಕ್‌ಔಟ್ ಮಾಡಿದ್ದರು. ಎದುರಿಗೆ ಬಂದು ನಿಂತ ಬ್ಯಾಟರ್‌ಗಳಲ್ಲಿ ಸುಮಾರು ಅರ್ಧದಷ್ಟು ಜನ ಚೆಂಡನ್ನು ಆಟಕ್ಕೇ ತರಲಾಗದೆ ಬ್ಯಾಟು ಹೆಗಲ ಮೇಲಿಟ್ಟುಕೊಂಡು ಮರಳಿದರು. ಒಂಬತ್ತು ಇನ್ನಿಂಗ್ಸ್‌ಗಳ ಲೆಕ್ಕದಲ್ಲಿ ಅವರು ಬಿಟ್ಟುಕೊಟ್ಟದ್ದು ಸರಾಸರಿ 1.31 ರನ್. 32 ಸೇವ್. ಬುಲ್‌ಪೆನ್ನಿನ ಬಾಗಿಲು ತೆರೆದು ಅವರು ಓಡಿ ಬರುವಾಗ ತುತ್ತೂರಿಯ ಹಾಡೊಂದು ಮೊಳಗುತ್ತಿತ್ತು, ಇಡೀ ಕ್ರೀಡಾಂಗಣ ಎದ್ದು ನಿಲ್ಲುತ್ತಿತ್ತು. ನಮ್ಮೂರ ಜಾತ್ರೆಯಲ್ಲಿ ತೇರು ಮೊದಲ ಉರುಳು ಉರುಳಿದಾಗ ಜನರ ಮೈಯಲ್ಲಿ ಓಡುವ ಸಂಚಲನವನ್ನು ಬಲ್ಲವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆ ನವೆಂಬರಿನಲ್ಲಿ ತಂಡ ಅವರೊಂದಿಗೆ ಐದು ವರ್ಷಕ್ಕೆ 102 ಮಿಲಿಯನ್ ಡಾಲರ್‌ಗಳ ಒಪ್ಪಂದ ಮಾಡಿಕೊಂಡಿತು. ಅಷ್ಟು ದೊಡ್ಡ ಮೊತ್ತ ಅದುವರೆಗೆ ಯಾವ ರಿಲೀಫ್ ಪಿಚರ್‌ಗೂ ಸಿಕ್ಕಿರಲಿಲ್ಲ. ಮುಂದಿನ ತಿಂಗಳು, ಹೆಚ್ಚು ಜನರ ಗಮನಕ್ಕೆ ಬಾರದ ಹಾಗೆ, ಇನ್ನೊಂದು ಒಪ್ಪಂದವೂ ಆಯಿತು. ಮೊಣಕೈ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಆಟಕ್ಕೆ ಮರಳಿದ್ದ, 38ನ್ನು ಸಮೀಪಿಸುತ್ತಿದ್ದ ರಿಲೀವರ್ ಒಬ್ಬರನ್ನು ಒಂದೇ ವರ್ಷದ ಮಟ್ಟಿಗೆ 10 ಮಿಲಿಯನ್ ಡಾಲರ್ ಕೊಟ್ಟು ಕರೆತಂದರು. ಅವರ ಕೆಲಸ ಎಂಟನೆಯ ಇನ್ನಿಂಗ್ಸ್. ಕ್ಲೋಸರ್ ಬರುವ ತನಕ ಬಾಗಿಲು ಕಾಯುವುದು. ಈ ಎರಡನೆಯ ಒಪ್ಪಂದವನ್ನು ಓದುಗರು ನೆನಪಿಟ್ಟುಕೊಳ್ಳಬೇಕು, ನನ್ನ ಲೆಕ್ಕದಲ್ಲಿ ಇಡೀ ಪ್ರಕರಣದ ಅತ್ಯಂತ ವಿವೇಕದ ಕೆಲಸ ಅದೇ.

ಮಾರ್ಚ್ 15

2023ರ ಮಾರ್ಚ್ 15ರ ರಾತ್ರಿ, ಮಯಾಮಿಯಲ್ಲಿ ವಿಶ್ವ ಬೇಸ್‌ಬಾಲ್ ಕ್ಲಾಸಿಕ್ ಟೂರ್ನಿಯ ಪಂದ್ಯ. ನಮ್ಮಲ್ಲಿ ಆಗ 16ರ ಬೆಳಗು. ಕ್ಲೋಸರ್ ಆಡುತ್ತಿದ್ದುದು ತಮ್ಮ ನಾಡಾದ ಪೋರ್ಟೊರಿಕೊ ಪರವಾಗಿ, ಎದುರಾಳಿ ಡೊಮಿನಿಕನ್ ಗಣರಾಜ್ಯ. ಒಂಬತ್ತನೆಯ ಇನ್ನಿಂಗ್ಸಿಗೆ ಬಂದು ಮೂವರನ್ನೂ ಸ್ಟ್ರೈಕ್‌ಔಟ್ ಮಾಡಿ 5–2ರ ಗೆಲುವನ್ನು ಮುಗಿಸಿಕೊಟ್ಟರು. ಸಂಗಡಿಗರೆಲ್ಲ ಓಡಿ ಬಂದು ಸುತ್ತುಗಟ್ಟಿ ಕುಣಿಯತೊಡಗಿದರು. ಆ ಗುಂಪಿನ ನಡುವೆ ಅವರು ಕುಸಿದರು. ಯಾರೂ ತಳ್ಳಿರಲಿಲ್ಲ, ಯಾರೂ ಡಿಕ್ಕಿ ಹೊಡೆದಿರಲಿಲ್ಲ, ಕುಣಿದ ಕಾಲು ನೆಲಕ್ಕೆ ತಾಗಿದ್ದೇ ಬಲ ಮೊಣಕಾಲು ಕೈಕೊಟ್ಟಿತ್ತು. ಅದೇ ತಂಡದಲ್ಲಿ ಆಡುತ್ತಿದ್ದ ಅವರ ತಮ್ಮ, ಅವರೂ ಪಿಚರ್, ಮೈದಾನದಲ್ಲೇ ನಿಂತು ಅತ್ತರು. ಕ್ಲೋಸರ್ ಗಾಲಿಕುರ್ಚಿಯಲ್ಲಿ ಹೊರಗೆ ಹೋದರು. ಮೊಣಚಿಪ್ಪಿನ ಕೆಳಗಿನ ಸ್ನಾಯುರಜ್ಜು ಪೂರ್ತಿ ಹರಿದಿತ್ತು. ಮರುದಿನವೇ ಶಸ್ತ್ರಚಿಕಿತ್ಸೆ ನಡೆಯಿತು. ಚೇತರಿಕೆಗೆ ಸುಮಾರು ಎಂಟು ತಿಂಗಳು ಬೇಕು ಎಂದರು.

ಸೀಸನ್ ಆರಂಭಕ್ಕೆ ಉಳಿದಿದ್ದುದು ಹದಿನೈದು ದಿನ.

ಟೂರ್ನಿಯಲ್ಲಿ ಆಡಿದ್ದೇ ತಪ್ಪು ಎಂಬ ಕೂಗು ಆಗ ಜೋರಾಗಿ ಎದ್ದಿತು. ನಾನು ಅದನ್ನು ಒಪ್ಪುವುದಿಲ್ಲ. ದೇಶದ ಅಂಗಿ ತೊಟ್ಟು ಗೆದ್ದ ಸಂತೋಷಕ್ಕೆ ಕುಣಿದವರನ್ನು ದೂರುವುದರಿಂದ ಯಾವ ತಂಡವೂ ಏನನ್ನೂ ಕಲಿಯುವುದಿಲ್ಲ. ಆ ಮೊಣಕಾಲು ಅಭ್ಯಾಸದ ಅಂಗಳದಲ್ಲೂ ಹೋಗಬಹುದಿತ್ತು. ಇದಕ್ಕೆ ಸಾಕ್ಷಿ ಬೇಸ್‌ಬಾಲಿನ ಇತಿಹಾಸದಲ್ಲೇ ಇದೆ, ಮುಂದೆ ಬರುತ್ತದೆ. ಆಟಗಾರರ ಸಂಬಳಕ್ಕೆ ಟೂರ್ನಿಯಲ್ಲಿ ವಿಮೆಯಿತ್ತು, ದುಡ್ಡಿನ ನಷ್ಟವನ್ನು ಅದು ನೋಡಿಕೊಂಡಿತು. ಆದರೆ ಅರವತ್ತೆರಡು ಇನ್ನಿಂಗ್ಸ್‌ಗಳನ್ನು ಎಸೆದುಕೊಡುವ ವಿಮೆ ಎಲ್ಲೂ ಇಲ್ಲ.

ಮೊದಲ ತೀರ್ಮಾನ: ಇದ್ದವರಲ್ಲೇ ಹೊಂದಿಸಿಕೊಳ್ಳುವುದು

ಮಾರ್ಚ್ ಮಧ್ಯದ ಹೊತ್ತಿಗೆ ಪೇಟೆಯಲ್ಲಿ ಸರಕು ಇರುವುದಿಲ್ಲ. ಒಳ್ಳೆಯ ರಿಲೀವರ್‌ಗಳು ಚಳಿಗಾಲದಲ್ಲೇ ಒಪ್ಪಂದ ಮುಗಿಸಿರುತ್ತಾರೆ. ಬೇರೆ ತಂಡದಿಂದ ಕೇಳಿದರೆ, ನೀರು ಕುತ್ತಿಗೆಗೆ ಬಂದವರು ಎಂದು ತಿಳಿದೇ ಬೆಲೆ ಹೇಳುತ್ತಾರೆ. ಆದ್ದರಿಂದ ಆಡಳಿತ ಹೊರಗಿನಿಂದ ದೊಡ್ಡ ಹೆಸರನ್ನು ತರಲಿಲ್ಲ, ಇದ್ದವರಲ್ಲೇ ಕೆಲಸ ಹಂಚಿತು. ಎಂಟನೆಯ ಇನ್ನಿಂಗ್ಸಿಗೆಂದು ಬಂದಿದ್ದ ಹಿರಿಯರು ಒಂಬತ್ತಕ್ಕೆ ಸರಿದರು. ಏಳನೆಯದನ್ನು ನೋಡಿಕೊಳ್ಳುತ್ತಿದ್ದ ಇನ್ನೊಬ್ಬ ಅನುಭವಿ ಎಂಟಕ್ಕೆ ಸರಿದರು. ಕೆಲವು ದಿನ, ಎದುರಾಳಿಯ ಬ್ಯಾಟಿಂಗ್ ಸರದಿಯನ್ನು ನೋಡಿಕೊಂಡು, ಇವರಿಬ್ಬರ ಜಾಗ ಅದಲುಬದಲಾಗುತ್ತಿತ್ತು.

ಈ ತೀರ್ಮಾನ ಸರಿಯಾಗಿತ್ತೇ? ಒಂಬತ್ತನೆಯ ಇನ್ನಿಂಗ್ಸನ್ನಷ್ಟೇ ನೋಡಿದರೆ ಸರಿಯಾಗಿತ್ತು. ಹಿರಿಯರು ಈ ತಂಡಕ್ಕೆ 40 ಪಂದ್ಯಗಳಲ್ಲಿ 44 ಇನ್ನಿಂಗ್ಸ್ ಎಸೆದರು, ಸರಾಸರಿ 2.05, ಸೇವ್ 14. ಆ ವಯಸ್ಸಿನಲ್ಲಿ, ಆ ಒತ್ತಡದಲ್ಲಿ ಅದಕ್ಕಿಂತ ಹೆಚ್ಚನ್ನು ಯಾರಿಂದಲೂ ಕೇಳಲಾಗದು. ತಂಡವೂ ಚೆನ್ನಾಗಿಯೇ ಹೊರಟಿತು. ಏಪ್ರಿಲ್ ಮೂರನೆಯ ವಾರದ ಹೊತ್ತಿಗೆ 14 ಗೆಲುವು, 7 ಸೋಲು. ಕ್ಲೋಸರ್ ಇಲ್ಲದ ಕೊರತೆ ನೀಗಿತು ಎಂದು ಹಲವರು ಭಾವಿಸಿದ್ದು ಈ ದಿನಗಳಲ್ಲೇ, ನಾನೂ ಹಾಗೇ ಭಾವಿಸಿದ್ದೆ.

ಮನೆಗೆ ತಾರಸಿ ಹಾಕುವ ದಿನವನ್ನು ನೋಡಿದವರು ಮುಂದಾದದ್ದನ್ನು ಸುಲಭವಾಗಿ ಊಹಿಸಿಕೊಳ್ಳಬಹುದು. ಕಾಂಕ್ರೀಟು ತುಂಬಿದ ಬಾಂಡ್ಲಿಗಳು ಕೆಳಗಿನಿಂದ ಮೇಲಕ್ಕೆ ಕೈಯಿಂದ ಕೈಗೆ ಸಾಗುತ್ತವೆ. ತಾರಸಿಯ ಅಂಚಿನಲ್ಲಿ ನಿಂತು ಕೊನೆಯ ಬಾಂಡ್ಲಿ ಸುರಿಯುವಾತ ಹೊರಟುಹೋದರೆ ಆ ಜಾಗ ಖಾಲಿ ಉಳಿಯುವುದಿಲ್ಲ. ಕೆಳಗಿನವನು ಒಂದು ಮೆಟ್ಟಿಲು ಮೇಲೇರುತ್ತಾನೆ, ಅವನ ಕೆಳಗಿನವನೂ ಏರುತ್ತಾನೆ. ಖಾಲಿ ಬೀಳುವುದು ಕಾಂಕ್ರೀಟು ಕಲಸುವ ಗುಂಡಿಯ ಪಕ್ಕದ ಜಾಗ. ತಾರಸಿಯ ಮೇಲೆ ನಿಂತು ನೋಡುವ ಮೇಸ್ತ್ರಿಗೆ ಎಲ್ಲ ಸರಿಯಾಗಿಯೇ ಕಾಣುತ್ತದೆ. ಬಾಂಡ್ಲಿ ಬರುವುದು ನಿಧಾನವಾದಾಗಲೇ ಅವನಿಗೆ ತಿಳಿಯುವುದು.

ಈ ತಂಡದಲ್ಲಿ ತೂತು ಬಿದ್ದದ್ದು ಆರು ಮತ್ತು ಏಳನೆಯ ಇನ್ನಿಂಗ್ಸ್‌ಗಳ ಸುತ್ತ. ಅಲ್ಲಿ ಎಸೆಯಲು ಉಳಿದವರು, ಎಲ್ಲರೂ ಕ್ಷೇಮವಾಗಿದ್ದ ಕಾಲದಲ್ಲಿ ಎಂಟು ರನ್ ಮುಂದಿರುವಾಗಲೋ ಎಂಟು ರನ್ ಹಿಂದಿರುವಾಗಲೋ ಇಳಿಯಬೇಕಾದವರು. ಅವರೂ ಮೇಜರ್ ಲೀಗ್ ಮುಟ್ಟಿದ ಆಟಗಾರರೇ, ಅವರನ್ನು ಹಗುರವಾಗಿ ಕಾಣಲು ನನಗೆ ಮನಸ್ಸಿಲ್ಲ. ಆದರೆ ಎರಡೇ ರನ್ ಮುನ್ನಡೆ, ಇಬ್ಬರು ಬೇಸಿನ ಮೇಲೆ (ರನ್ನಿಗಾಗಿ ಸುತ್ತಿಬರಬೇಕಾದ ದಾರಿಯ ನಿಲ್ದಾಣಗಳಲ್ಲಿ), ಎದುರಿಗೆ ಎದುರಾಳಿಯ ಅತ್ಯುತ್ತಮ ಬ್ಯಾಟರ್ ಎಂಬ ಸನ್ನಿವೇಶಕ್ಕೆ ಅವರನ್ನು ಆರಿಸಿರಲಿಲ್ಲ. ಇದಕ್ಕೆ ಜೊತೆಯಾದದ್ದು ಆರಂಭದ ಪಿಚರ್‌ಗಳ ಗೋಳು. ವರ್ಷಕ್ಕೆ 43 ಮಿಲಿಯನ್ ಡಾಲರ್ ದಾಟುವ ಸಂಬಳದ ಇಬ್ಬರು ಮಹಾನ್ ಪಿಚರ್‌ಗಳು ತಂಡದಲ್ಲಿದ್ದರು, ಒಬ್ಬರಿಗೆ 38, ಇನ್ನೊಬ್ಬರಿಗೆ 40. ನಲವತ್ತರವರು ಗಾಯಾಳುಗಳ ಪಟ್ಟಿಯಲ್ಲೇ ಸೀಸನ್ ಆರಂಭಿಸಿದರು. ಮೂರನೆಯ ಸ್ಥಾನಕ್ಕೆಂದು ತಂದಿದ್ದ ಎಡಗೈ ಪಿಚರ್ ಜುಲೈವರೆಗೆ ಬರಲಿಲ್ಲ. ಆರಂಭದವರು ಆರರ ಬದಲು ನಾಲ್ಕೋ ಐದೋ ಇನ್ನಿಂಗ್ಸಿಗೆ ಇಳಿದು ಹೋದರೆ ಉಳಿದ ಭಾರವೆಲ್ಲ ಬುಲ್‌ಪೆನ್ನಿನ ಹೆಗಲಿಗೆ. ಆ ಬುಲ್‌ಪೆನ್ನಿನಲ್ಲಿ ಆಗಲೇ ಒಬ್ಬರು ಕಡಿಮೆ.

ಅಟ್ಲಾಂಟಾದ ಮೂರು ರಾತ್ರಿ

ಜೂನ್ 1ರ ಹೊತ್ತಿಗೆ ತಂಡ 30–27ರಲ್ಲಿತ್ತು, ಅಂದರೆ 30 ಗೆಲುವು, 27 ಸೋಲು. ಅಲ್ಲಿಂದ ಸಾಲಾಗಿ ಏಳು ಸೋಲು. ಆ ಏಳರಲ್ಲಿ ನಡುವಿನ ಮೂರು ಅಟ್ಲಾಂಟಾದಲ್ಲಿ, ಜೂನ್ 6, 7 ಮತ್ತು 8ರಂದು. ಮೂರು ರಾತ್ರಿಯೂ ಈ ತಂಡ ಒಂದು ಹಂತದಲ್ಲಿ ಮೂರು ರನ್ನಿನ ಮುನ್ನಡೆಯಲ್ಲಿತ್ತು, ಮೂರು ರಾತ್ರಿಯೂ ಸೋತಿತು. ಮೊದಲ ರಾತ್ರಿ 6–4, ಎರಡನೆಯದು 7–5, ಮೂರನೆಯದು ಹತ್ತನೆಯ ಇನ್ನಿಂಗ್ಸಿಗೆ ಹೋಗಿ 13–10.

ಮೂರನೆಯ ರಾತ್ರಿಯನ್ನು ಹತ್ತಿರದಿಂದ ನೋಡಬೇಕು. ಹತ್ತು ರನ್ ಹೊಡೆದಿದ್ದ ತಂಡ ಒಂಬತ್ತನೆಯ ಇನ್ನಿಂಗ್ಸಿಗೆ ಒಂದು ರನ್ ಮುನ್ನಡೆ ಹಿಡಿದು ಬಂದಿತ್ತು, ಎಸೆಯಲು ಹಿರಿಯರೇ ಇಳಿದರು. ಒಂದು ಹೋಂ ರನ್, ನಮ್ಮ ಸಿಕ್ಸರಿನಂತೆ ಅಂಗಳದಾಚೆ ಹೋಗುವ ಹೊಡೆತ, ಬಿದ್ದು ಆಟ ಸಮವಾಯಿತು. ಹತ್ತನೆಯ ಇನ್ನಿಂಗ್ಸಿನಲ್ಲಿ ಇನ್ನೊಂದು ಹೋಂ ರನ್, ಮೂರು ರನ್, ಆಟ ಮುಗಿಯಿತು. ಮರುದಿನದ ಮಾತೆಲ್ಲ ಒಂದೇ: ಕ್ಲೋಸರ್ ಇದ್ದಿದ್ದರೆ ಹೀಗಾಗುತ್ತಿರಲಿಲ್ಲ. ಆದರೆ ಆ ರಾತ್ರಿ ಅಷ್ಟು ರನ್ ಹೊಡೆದ ತಂಡಕ್ಕೆ ಕೊನೆಯಲ್ಲಿ ಒಂದೇ ರನ್ ಮುನ್ನಡೆ ಉಳಿದಿತ್ತು. ಉಳಿದದ್ದೆಲ್ಲ ಸೋರಿಹೋದದ್ದು ಹಿರಿಯರು ಮೈದಾನಕ್ಕೆ ಕಾಲಿಡುವ ಮೊದಲು. ನಮ್ಮ ಕಣ್ಣು ಕೊನೆಯ ಚೆಂಡಿನ ಮೇಲೆ ಇರುತ್ತದೆ, ಅದಕ್ಕಿಂತ ಒಂದು ಗಂಟೆ ಹಿಂದೆ ಆದದ್ದು ಮರೆಯುತ್ತದೆ.

ಜೂನ್ 25, ಎಂಟನೆಯ ಇನ್ನಿಂಗ್ಸ್

ಈ ಪ್ರಕರಣದಲ್ಲಿ ನಾನು ಮತ್ತೆ ಮತ್ತೆ ಹಿಂತಿರುಗುವ ಗಳಿಗೆ ಇದು. ಭಾನುವಾರ, ಫಿಲಡೆಲ್ಫಿಯಾ. ಎಂಟನೆಯ ಇನ್ನಿಂಗ್ಸಿನಲ್ಲಿ ತಂಡ 6–3ರಿಂದ ಮುಂದಿತ್ತು. ಇನ್ನು ಆರು ಔಟ್ ಬೇಕು. ಮ್ಯಾನೇಜರ್ ಎಂಟನೆಯದನ್ನು ಬುಲ್‌ಪೆನ್ನಿನ ಕೆಳಸಾಲಿನವರ ಕೈಗೆ ಕೊಟ್ಟರು. ಹಿರಿಯರನ್ನು ಇಳಿಸಲಿಲ್ಲ.

ಆಮೇಲೆ ಆದದ್ದನ್ನು ನೋಡುವುದೇ ಕಷ್ಟವಾಗಿತ್ತು. ಎದುರಾಳಿಗಳು ಬೀಸಿ ಹೊಡೆದು ಗೆದ್ದಿದ್ದರೆ ಮನಸ್ಸು ಒಪ್ಪುತ್ತಿತ್ತೇನೋ. ಫೀಲ್ಡಿಂಗಿನಲ್ಲಿ ಒಂದು ತಪ್ಪಾಯಿತು. ಬೇಸ್‌ಗಳು ತುಂಬಿದವು. ಪಿಚರ್ ಎಸೆದ ಚೆಂಡುಗಳು ಗುರಿಯ ಆಚೆ ಈಚೆ ಹೋಗಿ ಬ್ಯಾಟರ್ ಬ್ಯಾಟು ಕೆಳಗಿಟ್ಟು ಮೊದಲ ಬೇಸಿಗೆ ನಡೆದರು, ಮೂರನೆಯ ಬೇಸಿನಲ್ಲಿದ್ದವರು ನಡೆದು ಮನೆ ಸೇರಿ ರನ್ ಪಡೆದರು. ಮುಂದಿನ ಬ್ಯಾಟರ್ ಮೈಗೆ ಚೆಂಡು ತಾಗಿತು, ಇನ್ನೊಂದು ರನ್. ಅದರ ಮುಂದಿನವರ ಮೈಗೂ ಚೆಂಡು ತಾಗಿತು, ಮತ್ತೊಂದು ರನ್. ಎಲ್ಲ ಸೇರಿ ನಾಲ್ಕು. ಸಾವಿರಾರು ಜನ ಕೂಗುತ್ತಿರುವಾಗ ದಿಬ್ಬದ ಮೇಲೆ ಒಂಟಿಯಾಗಿ ನಿಂತು, ಬೆರಳಿನ ಹಿಡಿತ ತಪ್ಪುತ್ತಿದೆ ಎಂದು ತನಗೇ ತಿಳಿಯುತ್ತಿದ್ದರೂ ಮತ್ತೆ ಚೆಂಡು ಕೈಗೆತ್ತಿಕೊಳ್ಳಬೇಕಾದ ಆ ಪಿಚರ್ ಮುಖ ನನ್ನ ಕಣ್ಣಿಂದ ಮಾಸಿಲ್ಲ. ಅವರ ಪಾಲಿಗೆ ಆ ಕೆಲಸ ಬಂದದ್ದೇ ಸಾಲಿನ ತುದಿಯಲ್ಲಿ ಒಬ್ಬರು ಇಲ್ಲದ್ದರಿಂದ. 7–6ರಿಂದ ತಂಡ ಸೋತಿತು. ಒಂಬತ್ತನೆಯ ಇನ್ನಿಂಗ್ಸಿಗೆಂದು ಉಳಿಸಿಟ್ಟುಕೊಂಡಿದ್ದ ಹಿರಿಯರಿಗೆ ಉಳಿಸಿಕೊಡಲು ಅಲ್ಲಿ ಏನೂ ಉಳಿದಿರಲಿಲ್ಲ.

ಮ್ಯಾನೇಜರ್ ತಿಳಿಯದೆ ಹೀಗೆ ಮಾಡಿದರು ಎನ್ನುವಂತಿಲ್ಲ. ಹಿಂದಿನ ವರ್ಷವಷ್ಟೇ ತಮ್ಮ ಲೀಗಿನ ವರ್ಷದ ಮ್ಯಾನೇಜರ್ ಪ್ರಶಸ್ತಿ ಪಡೆದಿದ್ದವರು ಅವರು. 2022ರ ಅಕ್ಟೋಬರಿನಲ್ಲಿ, ಸೋತರೆ ಮನೆಗೆ ಎಂಬ ಪಂದ್ಯದಲ್ಲಿ, ಇದೇ ಮ್ಯಾನೇಜರ್ ಕ್ಲೋಸರನ್ನು ಏಳನೆಯ ಇನ್ನಿಂಗ್ಸಿನಲ್ಲೇ ಇಳಿಸಿ ಗೆದ್ದಿದ್ದರು. ಆಗ ಹಾಗೆ ಮಾಡುವ ಧೈರ್ಯ ಬಂದದ್ದು ಕ್ಲೋಸರ್ ಹಿಂದೆ ಇನ್ನೂ ನಂಬುವ ಕೈಗಳು ಇದ್ದದ್ದರಿಂದ. 2023ರ ಜೂನಿನಲ್ಲಿ ಅವರ ಬಳಿ ನಂಬಬಹುದಾದವರು ಎರಡು ಮೂರು ಮಂದಿ. 38 ವರ್ಷದ ಕೈಯನ್ನು ದಿನ ಬಿಟ್ಟು ದಿನ ಆರಾರು ಔಟ್‌ಗಳಿಗೆ ದುಡಿಸಿದರೆ ಆಗಸ್ಟಿನ ಹೊತ್ತಿಗೆ ಆ ಕೈ ಇರುವುದಿಲ್ಲ ಎಂಬ ಭಯ ಸುಳ್ಳಲ್ಲ. ಇಂದಿನ ಆಟವನ್ನು ಉಳಿಸುವುದೋ, ಆಗಸ್ಟಿನ ಆಟಗಳನ್ನು ಉಳಿಸುವುದೋ? ಪ್ರತಿ ಸಂಜೆಯೂ ಈ ಪ್ರಶ್ನೆ ಏಳುವಂತೆ ಮಾಡಿದ್ದೇ ಮಾರ್ಚ್ 15ರ ನಿಜವಾದ ಪೆಟ್ಟು. ತಾರೆ ಇದ್ದಾಗ ಮ್ಯಾನೇಜರ್ ಯೋಚಿಸಬೇಕಾದದ್ದು ಎಂಟು ಇನ್ನಿಂಗ್ಸ್‌ಗಳ ಬಗ್ಗೆ ಮಾತ್ರ, ಇಲ್ಲವಾದಾಗ ಒಂಬತ್ತರ ಜೊತೆಗೆ ನಾಳೆಯ ಒಂಬತ್ತರ ಬಗ್ಗೆಯೂ.

ಆದರೂ ಆ ಭಾನುವಾರದ ತೀರ್ಮಾನ ತಪ್ಪು ಎಂದೇ ನಾನು ಹೇಳುತ್ತೇನೆ. ಸೀಸನ್ ಕೈಜಾರುತ್ತಿದ್ದ ತಿಂಗಳಲ್ಲಿ ಆಗಸ್ಟಿಗೆಂದು ಬುತ್ತಿ ಕಟ್ಟಿಡುವುದರಲ್ಲಿ ಅರ್ಥವಿರಲಿಲ್ಲ. ಒಂಬತ್ತನೆಯ ಇನ್ನಿಂಗ್ಸ್ ಎಂಬ ಅಂಕಿಗೆ ಅಂಟಿಕೊಳ್ಳುವ ಬದಲು, ಆ ದಿನದ ಅತ್ಯಂತ ಕಠಿಣ ಗಳಿಗೆ ಯಾವುದೋ ಅಲ್ಲಿಗೆ ಅತ್ಯುತ್ತಮ ಕೈಯನ್ನು ಕಳಿಸಬೇಕಿತ್ತು. ಜೂನ್ ತಿಂಗಳಲ್ಲಿ ತಂಡ ಗೆದ್ದದ್ದು 7, ಸೋತದ್ದು 19. ತಿಂಗಳು ಮುಗಿದಾಗ 36–46.

ಮಾರಿಬಿಟ್ಟ ತಿಂಗಳು

ಜೂನ್ 28ರಂದು ತಂಡದ ಮಾಲೀಕರು ಪತ್ರಕರ್ತರ ಮುಂದೆ ಕುಳಿತರು. ಆಟ ಸುಧಾರಿಸದಿದ್ದರೆ ಆಟಗಾರರ ವಿನಿಮಯದ ಗಡುವಿನ ಹೊತ್ತಿಗೆ ಅಭಿಮಾನಿಗಳಿಗೆ ಹಿಡಿಸದ ತೀರ್ಮಾನಗಳು ಬರಬಹುದು ಎಂಬ ಸೂಚನೆ ಕೊಟ್ಟರು. ಮೇಜರ್ ಲೀಗಿನ ಇತಿಹಾಸದಲ್ಲಿ ಅದುವರೆಗಿನ ಅತಿ ದೊಡ್ಡ ಸಂಬಳಪಟ್ಟಿ ಅವರದು. ಹಾಗಿದ್ದೂ ಹಟಕ್ಕೆ ಬಿದ್ದು ಇನ್ನಷ್ಟು ಸುರಿಯಲಿಲ್ಲ.

ಜುಲೈ 27ರಂದು ಹಿರಿಯರನ್ನು ಮಯಾಮಿ ತಂಡಕ್ಕೆ ಬಿಟ್ಟುಕೊಟ್ಟು ಹದಿಹರೆಯದ ಇಬ್ಬರು ಆಟಗಾರರನ್ನು ಪಡೆದರು. ನಾಲ್ಕೂವರೆ ತಿಂಗಳಲ್ಲಿ ಎರಡನೆಯ ಬಾರಿ ತಂಡ ತನ್ನ ಒಂಬತ್ತನೆಯ ಇನ್ನಿಂಗ್ಸಿನವರನ್ನು ಕಳೆದುಕೊಂಡಿತು, ಈ ಬಾರಿ ತಾನಾಗಿಯೇ. ಕೆಲವೇ ದಿನಗಳಲ್ಲಿ ಆ ಇಬ್ಬರು ಮಹಾನ್ ಪಿಚರ್‌ಗಳೂ ಬೇರೆ ತಂಡಗಳಿಗೆ ಹೋದರು. ಸೀಸನ್ ಮುಗಿದಾಗ 75 ಗೆಲುವು, 87 ಸೋಲು. ಮ್ಯಾನೇಜರ್ ಮುಂದುವರಿಯುವುದಿಲ್ಲ ಎಂದು ಅಕ್ಟೋಬರ್ 1ರಂದು ತಿಳಿಯಿತು.

ಇದರ ನಡುವೆ ಕ್ಲೋಸರ್ ಚೇತರಿಸಿಕೊಳ್ಳುತ್ತಿದ್ದರು. ಸೆಪ್ಟೆಂಬರಿನಲ್ಲಿ ಅವರು ಮತ್ತೆ ಚೆಂಡೆಸೆಯುತ್ತಿದ್ದರು, ಸೀಸನ್ ಮುಗಿಯುವ ಮೊದಲು ಒಂದೆರಡು ಪಂದ್ಯಕ್ಕಾದರೂ ಮರಳಬೇಕೆಂಬ ಆಸೆಯೂ ಇತ್ತು. ತಂಡ ಬೇಡ ಎಂದಿತು. ಗೆದ್ದರೂ ಪ್ರಯೋಜನವಿಲ್ಲದ ಪಂದ್ಯಕ್ಕೆ ಹೊಸದಾಗಿ ಕೂಡಿದ ಮೊಣಕಾಲನ್ನು ಒಡ್ಡುವುದು ಬೇಡ ಎಂಬ ಆ ತೀರ್ಮಾನಕ್ಕೆ ಯಾರೂ ಚಪ್ಪಾಳೆ ತಟ್ಟಲಿಲ್ಲ. ನನಗೆ ಅದರಲ್ಲಿ ಗೌರವವಿದೆ.

ಇಪ್ಪತ್ತಾರು ಗೆಲುವು ಎಲ್ಲಿ ಹೋದವು?

101ರಿಂದ 75ಕ್ಕೆ, ಇಪ್ಪತ್ತಾರು ಗೆಲುವುಗಳ ಇಳಿಕೆ. ಬೇಸ್‌ಬಾಲಿನಲ್ಲಿ ಒಬ್ಬ ಆಟಗಾರನ ಬದಲು ಸಾಧಾರಣ ಬದಲಿಯನ್ನು ಆಡಿಸಿದ್ದರೆ ತಂಡ ಎಷ್ಟು ಗೆಲುವು ಕಳೆದುಕೊಳ್ಳುತ್ತಿತ್ತು ಎಂದು ಅಳೆಯುವ ಲೆಕ್ಕವೊಂದಿದೆ. ಆ ಲೆಕ್ಕದಲ್ಲಿ ಕ್ಲೋಸರ್ ಅವರ ಅದ್ಭುತ 2022ರ ಬೆಲೆ ಸುಮಾರು ಮೂರು ಗೆಲುವು. ವರ್ಷಕ್ಕೆ ಅರವತ್ತು ಇನ್ನಿಂಗ್ಸ್ ಎಸೆಯುವವರಿಗೆ ಅದು ಬಹು ದೊಡ್ಡ ಅಂಕಿ. ಆದರೂ ಮೂರು ಎಲ್ಲಿ, ಇಪ್ಪತ್ತಾರು ಎಲ್ಲಿ! ಆರಂಭದ ಪಿಚರ್‌ಗಳ ಗಾಯ, ಅವರ ವಯಸ್ಸು, ಎಲ್ಲವೂ ಆ ಇಳಿಕೆಯಲ್ಲಿವೆ. ‘ಆ ಕುಣಿತವೇ ಸೀಸನ್ ಮುಗಿಸಿತು’ ಎಂದು ಹೇಳುವವರ ಬಳಿ ಈ ಅಂಕಿಗೆ ಉತ್ತರವಿಲ್ಲ.

ಹಾಗೆಂದು ಮೂರೇ ಗೆಲುವಿನ ನಷ್ಟ ಎಂದು ಕೈತೊಳೆದುಕೊಳ್ಳುವುದನ್ನೂ ನಾನು ಒಪ್ಪಲಾರೆ. ಆ ಲೆಕ್ಕ ಒಬ್ಬರ ಬದಲಿಗೆ ಇನ್ನೊಬ್ಬರನ್ನು ಮಾತ್ರ ನಿಲ್ಲಿಸಿ ನೋಡುತ್ತದೆ. ಒಬ್ಬರು ಹೋದಾಗ ನಾಲ್ವರು ತಮ್ಮ ಅಳತೆ ಮೀರಿದ ಕೆಲಸಕ್ಕೆ ಸರಿಯಬೇಕಾದದ್ದು, ಮ್ಯಾನೇಜರ್ ಪ್ರತಿ ಸಂಜೆ ಹೆದರುತ್ತ ಎಣಿಸಬೇಕಾದದ್ದು, ಆರಂಭದ ಪಿಚರ್ ಇನ್ನೊಂದು ಇನ್ನಿಂಗ್ಸ್ ಎಳೆಯಬೇಕೆಂದು ದಣಿದ ಕೈಯಲ್ಲೇ ಎಸೆದದ್ದು ಆ ಅಂಕಣದಲ್ಲಿ ಕಾಣುವುದಿಲ್ಲ.

ಇದನ್ನು ತೂಗಿ ನೋಡಲು ಇನ್ನೊಂದು ಘಟನೆ ಇದೆ, ಇದರಲ್ಲಿ ಹೆಸರು ಹೇಳಲು ಅಳುಕಿಲ್ಲ. 2012ರ ಮೇ 3ರಂದು ಕಾನ್ಸಾಸ್ ಸಿಟಿಯಲ್ಲಿ, ಪಂದ್ಯಕ್ಕೆ ಮುಂಚಿನ ಅಭ್ಯಾಸದಲ್ಲಿ ಹಾರಿ ಬರುವ ಚೆಂಡು ಹಿಡಿಯುತ್ತಿದ್ದ ಮರಿಯಾನೊ ರಿವೆರಾ ಅವರ ಬಲ ಮೊಣಕಾಲಿನ ಅಸ್ಥಿರಜ್ಜು ಹರಿಯಿತು. ಅವರಿಗೆ ಆಗ 42, ಹೆಸರಿನಲ್ಲಿ 608 ಸೇವ್, ಬೇಸ್‌ಬಾಲ್ ಕಂಡ ಅತಿ ದೊಡ್ಡ ಕ್ಲೋಸರ್. ನ್ಯೂಯಾರ್ಕ್ ಯಾಂಕೀಸ್ ಮುಗಿಯಿತು ಎಂದುಕೊಂಡವರೇ ಹೆಚ್ಚು. ಆ ತಂಡ ಮೊದಲು ಎಂಟನೆಯ ಇನ್ನಿಂಗ್ಸಿನ ಯುವ ಪಿಚರ್‌ಗೆ ಚೆಂಡು ಕೊಟ್ಟಿತು. ಎರಡನೆಯ ಅವಕಾಶದಲ್ಲೇ ಗೆಲ್ಲುವ ಆಟ ಕೈತಪ್ಪಿತು, ಅದಾದ ಕೆಲವೇ ದಿನಗಳಲ್ಲಿ ಆ ಯುವಕರೂ ಗಾಯಗೊಂಡರು. ಆಗ ಮೂರನೆಯವರಾಗಿ ಬಂದವರು ರಫಾಯೆಲ್ ಸೊರಿಯಾನೊ. 2010ರಲ್ಲಿ ಬೇರೆ ತಂಡಕ್ಕೆ 45 ಸೇವ್ ಮಾಡಿದ್ದ ಅವರನ್ನು ಯಾಂಕೀಸ್ ರಿವೆರಾ ಇರುವಾಗಲೇ, ಮೂರು ವರ್ಷಕ್ಕೆ 35 ಮಿಲಿಯನ್ ಡಾಲರ್ ಕೊಟ್ಟು, ಒಂಬತ್ತಲ್ಲದ ಇನ್ನಿಂಗ್ಸ್‌ಗಳಿಗೆಂದು ತಂದಿಟ್ಟುಕೊಂಡಿತ್ತು. ದುಂದು ಎಂದು ಆಡಿಕೊಂಡವರಿದ್ದರು. 2012ರಲ್ಲಿ ಸೊರಿಯಾನೊ 42 ಸೇವ್ ಮಾಡಿದರು, ತಂಡ 95 ಪಂದ್ಯ ಗೆದ್ದು ತನ್ನ ವಿಭಾಗದ ಮೊದಲ ಸ್ಥಾನ ಪಡೆಯಿತು.

ಎರಡನೆಯ ಅವಕಾಶದಲ್ಲಿ ಸೋತ ಆ ಯುವಕ ಯಾರು ಗೊತ್ತೇ? ಹನ್ನೊಂದು ವರ್ಷಗಳ ನಂತರ ನಮ್ಮ ಪ್ರಕರಣದ ‘ಹಿರಿಯ’ ಆಗಿ ಬಂದವರು ಅವರೇ. ಒಬ್ಬ ತಾರೆಯ ಖಾಲಿ ಜಾಗದಲ್ಲಿ 27ನೆಯ ವಯಸ್ಸಿನಲ್ಲಿ ಎಡವಿದವರು, ಇನ್ನೊಬ್ಬ ತಾರೆಯ ಖಾಲಿ ಜಾಗದಲ್ಲಿ 38ನೆಯ ವಯಸ್ಸಿನಲ್ಲಿ ಗಟ್ಟಿಯಾಗಿ ನಿಂತರು. ಎರಡು ತಂಡಗಳ ನಡುವಿನ ವ್ಯತ್ಯಾಸ ಅವರಲ್ಲಿ ಇರಲಿಲ್ಲ. ಯಾಂಕೀಸ್ ಬಳಿ ಒಂಬತ್ತನ್ನು ನಿಭಾಯಿಸಬಲ್ಲವರು ಮೂವರಿದ್ದರು. ಮೊದಲಿಬ್ಬರು ಹದಿನೈದು ದಿನಗಳೊಳಗೆ ಬಿದ್ದರೂ ಮೂರನೆಯವರು ಸಿಕ್ಕರು. 2023ರ ತಂಡ ಡಿಸೆಂಬರಿನಲ್ಲಿ ಎರಡನೆಯವರನ್ನು ತಂದು ವಿವೇಕ ತೋರಿತು, ಅಲ್ಲಿಗೇ ನಿಲ್ಲಿಸಿತು. 102 ಮಿಲಿಯನ್ ಒಬ್ಬರಿಗೆ ಕೊಟ್ಟ ಮೇಲೆ ಏಳನೆಯ ಇನ್ನಿಂಗ್ಸಿಗೆ ಇನ್ನೊಬ್ಬ ಗಟ್ಟಿಗರನ್ನು ತರುವುದು ಆ ಚಳಿಗಾಲದಲ್ಲಿ ಯಾರಿಗೂ ತುರ್ತು ಎನಿಸಲಿಲ್ಲ. ಮಾರ್ಚ್ 16ರ ಬೆಳಿಗ್ಗೆ ತುರ್ತು ಎನಿಸುವಾಗ ಪೇಟೆ ಮುಚ್ಚಿತ್ತು.

ಮರಳಿದ ಮೇಲೆ

ತಾರೆ ಮರಳಿದರೆ ಎಲ್ಲ ಮೊದಲಿನಂತಾಗುತ್ತದೆ ಎಂಬ ನಂಬಿಕೆಯೂ ಈ ಪ್ರಕರಣದಲ್ಲಿ ಪರೀಕ್ಷೆಗೆ ಒಳಗಾಯಿತು. ರಿವೆರಾ ಮರುವರ್ಷ ಬಂದು 44 ಸೇವ್ ಮಾಡಿ ನಿವೃತ್ತರಾದರು. ನಮ್ಮ ಕ್ಲೋಸರ್ ದಾರಿ ಅಷ್ಟು ನೇರವಾಗಿರಲಿಲ್ಲ. 2024ರ ಮೇ 18ರಂದು ಮಯಾಮಿಯಲ್ಲಿ, ಅವರು ಗಾಯಗೊಂಡ ಅದೇ ಕ್ರೀಡಾಂಗಣದಲ್ಲಿ, ಒಂಬತ್ತನೆಯ ಇನ್ನಿಂಗ್ಸಿನಲ್ಲಿ ನಾಲ್ಕು ರನ್ನಿನ ಮುನ್ನಡೆ ಅವರ ಕೈಯಿಂದ ಜಾರಿತು, ತಂಡ 10–9ರಿಂದ ಸೋತಿತು. ಹೊಸ ಮ್ಯಾನೇಜರ್ ಅವರನ್ನು ಕೆಲ ಕಾಲ ಒಂಬತ್ತನೆಯ ಇನ್ನಿಂಗ್ಸಿನಿಂದ ಸರಿಸಿದರು. ಭುಜದ ನೋವು ಬಂದಿತು. ಜೂನಿನಲ್ಲಿ ಕೈಗೆ ಅಂಟು ಹಚ್ಚಿದ ಆರೋಪದ ಮೇಲೆ ಹತ್ತು ಪಂದ್ಯಗಳ ನಿಷೇಧವೂ ಆಯಿತು. ಆ ವರ್ಷದ ಅವರ ಸರಾಸರಿ 3.52, ಸೇವ್ 20. ಆದರೂ ತಂಡ 89 ಪಂದ್ಯ ಗೆದ್ದಿತು. ಹಿಂದಿನ ವರ್ಷ ಅವರಿಲ್ಲದೆ ಗೆದ್ದದ್ದಕ್ಕಿಂತ ಹದಿನಾಲ್ಕು ಹೆಚ್ಚು, ಅವರ ಅತ್ಯುತ್ತಮ ವರ್ಷದಲ್ಲಿ ಗೆದ್ದದ್ದಕ್ಕಿಂತ ಹನ್ನೆರಡು ಕಡಿಮೆ.

2024ರ ಸೆಪ್ಟೆಂಬರ್ 30. ಮತ್ತೆ ಅಟ್ಲಾಂಟಾ. ಆ ದಿನ ಎರಡು ಪಂದ್ಯ, ಒಂದನ್ನು ಗೆದ್ದರೂ ತಂಡ ಮುಂದಿನ ಸುತ್ತಿಗೆ ಹೋಗುತ್ತದೆ. ಮೊದಲ ಪಂದ್ಯದಲ್ಲಿ ಎಂಟನೆಯ ಇನ್ನಿಂಗ್ಸಿನ ಹೊತ್ತಿಗೆ ತಂಡ 6–3ರಿಂದ ಮುಂದೆ. ಫಿಲಡೆಲ್ಫಿಯಾದ ಆ ಭಾನುವಾರದ ಅದೇ ಅಂಕಿ, ಅದೇ ಇನ್ನಿಂಗ್ಸ್. ಎದುರಾಳಿಗಳು ಬೇಸ್ ಹಿಡಿಯತೊಡಗಿದ ಕೂಡಲೇ ಈ ಮ್ಯಾನೇಜರ್ ಒಂಬತ್ತಕ್ಕೆ ಕಾಯಲಿಲ್ಲ, ಕ್ಲೋಸರನ್ನು ಎಂಟರಲ್ಲೇ ಇಳಿಸಿದರು. ಅದೂ ಕೈಗೂಡಲಿಲ್ಲ. ನೆಲದ ಮೇಲೆ ಉರುಳಿದ ಚೆಂಡೊಂದಕ್ಕೆ ಕ್ಲೋಸರ್ ಮೊದಲ ಬೇಸಿಗೆ ಓಡಿಹೋಗಿ ನಿಲ್ಲುವುದನ್ನು ಮರೆತರು, ಆಮೇಲೆ ಮೂರು ರನ್ ತಂದ ಒಂದು ಹೊಡೆತ ಬಿದ್ದಿತು, 7–6ರಿಂದ ಅಟ್ಲಾಂಟಾ ಮುಂದೆ ಹೋಯಿತು. ಒಂಬತ್ತನೆಯದರಲ್ಲಿ ತಂಡದ ಶಾರ್ಟ್‌ಸ್ಟಾಪ್ (ಎರಡನೆಯ ಮತ್ತು ಮೂರನೆಯ ಬೇಸಿನ ನಡುವೆ ಫೀಲ್ಡ್ ಮಾಡುವವರು) ಎರಡು ರನ್ನಿನ ಹೋಂ ರನ್ ಹೊಡೆದು 8–7 ಮಾಡಿದರು.

ಮತ್ತೆ ಮೂರು ಔಟ್ ಬೇಕಿತ್ತು. ಕೆಲವೇ ನಿಮಿಷಗಳ ಹಿಂದೆ ಮುನ್ನಡೆ ಕಳೆದುಕೊಂಡಿದ್ದವರನ್ನೇ ಮ್ಯಾನೇಜರ್ ದಿಬ್ಬಕ್ಕೆ ಕಳಿಸಿದರು. ಬಲಗಾಲನ್ನು ಊರಿ, ದಣಿದ ಕೈಯಲ್ಲಿ, ಕ್ಲೋಸರ್ ಆ ಮೂರನ್ನೂ ತೆಗೆದರು.